ಗ್ಯಾರೇಜು ಕಟ್ಟೆ: ಪಕ್ಕದಲ್ಲಿ ಯಾರಾದರೂ ಕೂತರೆ ಸದ್ದು ಮಾಯ!

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸದ್ದಿನವು. ಮಳೆಗಾಲ ಕಳೆದ ಮೇಲೆ ಯಾವಾಗಲೂ ಹೀಗೆಯೇ. ರಸ್ತೆಯ ಗುಂಡಿಗಳೆಲ್ಲ ಬಾಯಿ ಬಿಟ್ಟುಕೊಂಡಿರುತ್ತವೆ, ಹಳೇ ಗಾಡಿಗಳು ಮಾತಾಡಲು ಶುರು ಮಾಡುತ್ತವೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಶೆಡ್ಡು ನಡೆಸಿದ ಮೂವತ್ತೆಂಟು ವರ್ಷದಲ್ಲಿ ಇಂಜಿನ್ ಬಿಚ್ಚಿ ಕಟ್ಟುವುದಕ್ಕಿಂತ ಹೆಚ್ಚು ನಿದ್ದೆಗೆಡಿಸಿದ್ದು ಈ ಕಟಕಟಗಳೇ. ಒಂದು ಪತ್ರಕ್ಕೆ ಉದ್ದವಾಗಿ ಉತ್ತರ ಬರೆದಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬಾರದು.

ಪ್ರಶ್ನೆ: ನನ್ನದು 2006ರ ಮಾರುತಿ 800. ಹೊಸದರಲ್ಲಿ ಕೊಂಡದ್ದು, ಬೇರೆ ಯಾರೂ ಓಡಿಸಿಲ್ಲ, 91 ಸಾವಿರ ಕಿ.ಮೀ. ಆಗಿದೆ. ಟಾರು ರಸ್ತೆಯಲ್ಲಿ ತೊಂದರೆಯಿಲ್ಲ. ನಮ್ಮ ಮನೆಗೆ ಬರುವ ಒಂದೂವರೆ ಕಿ.ಮೀ. ಮಣ್ಣುರಸ್ತೆಗೆ ಇಳಿದ ಕೂಡಲೇ ಎಡಗಡೆ ಮುಂದಿನಿಂದ ಕಟಕಟ ಕಟಕಟ ಎಂದು ಶುರುವಾಗುತ್ತದೆ, ಸ್ಟೀಲ್ ಡಬ್ಬಿಗೆ ಹುಣಸೆಬೀಜ ಹಾಕಿ ಅಲ್ಲಾಡಿಸಿದ ಹಾಗೆ. ಒಂದು ಗ್ಯಾರೇಜಿನಲ್ಲಿ ಮುಂದಿನ ಎರಡೂ ಶಾಕ್ಸ್ ಬದಲಾಯಿಸಿದರು. ಇನ್ನೊಂದರಲ್ಲಿ ಎಡಗಡೆ ಲೋವರ್ ಆರ್ಮ್, ಅದೇ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು. ಮೂರನೆಯವರು ಸೈಲೆನ್ಸರಿನ ರಬ್ಬರುಗಳನ್ನು ಹಾಕಿದರು. ಒಟ್ಟು ಹನ್ನೊಂದು ಸಾವಿರ ಆಯಿತು, ಸದ್ದು ಹೋಗಲಿಲ್ಲ. ವಿಚಿತ್ರವೆಂದರೆ ಮೆಕ್ಯಾನಿಕ್‌ ಹುಡುಗರು ಟ್ರಯಲ್ ನೋಡಲು ಜೊತೆಗೆ ಬಂದಾಗ ಒಮ್ಮೆಯೂ ಸದ್ದು ಕೇಳಿಲ್ಲ. ಒಬ್ಬನಂತೂ ‘ವಯಸ್ಸಾಯ್ತಲ್ಲ ಸಾರ್, ಒಂದ್ಸಲ ಕಿವಿ ತೋರಿಸಿ’ ಅಂದ. ನಮ್ಮ ಮನೆಯವರದೂ ಅದೇ ಅಭಿಪ್ರಾಯ. ಅವರು ಜೊತೆಗಿದ್ದಾಗ ಒಂದು ದಿನವೂ ಕೇಳಿಲ್ಲ.
— ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೇಷ್ಟ್ರೇ, ನಿಮ್ಮ ಕಿವಿಗೆ ಏನೂ ಆಗಿಲ್ಲ. ಪತ್ರದ ಕೊನೆಯ ನಾಲ್ಕು ಸಾಲು ಓದಿ ನಾನು ಕನ್ನಡಕ ತೆಗೆದಿಟ್ಟು ನಕ್ಕೆ. ಉತ್ತರವನ್ನು ನೀವೇ ಬರೆದು ಕಳಿಸಿದ್ದೀರಿ, ಮೂರೂ ಗ್ಯಾರೇಜಿನವರು ಅದನ್ನು ಕೇಳಿಸಿಕೊಂಡಿಲ್ಲ. ಮೆಕ್ಯಾನಿಕ್ ಬಂದಾಗ ಸದ್ದಿಲ್ಲ, ಮನೆಯವರು ಬಂದಾಗಲೂ ಇಲ್ಲ. ಇಬ್ಬರೂ ಕೂತದ್ದು ಎಲ್ಲಿ? ನಿಮ್ಮ ಎಡಗಡೆ ಸೀಟಿನಲ್ಲಿ.

ಸದ್ದು ‘ಎಲ್ಲಿಂದ’ ಬರುತ್ತದೆ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ನಾನು ‘ಯಾವಾಗ’ ಎಂದು ಕೇಳುತ್ತೇನೆ. ಎಲ್ಲಿಂದ ಅನ್ನುವುದರಲ್ಲಿ ಕಿವಿ ಮೋಸ ಹೋಗುತ್ತದೆ. ನಿಮ್ಮ 800ಕ್ಕೆ ಜೀಪಿನ ಹಾಗೆ ಬೇರೆ ಚಾಸಿ, ಎಂದರೆ ಅಡಿಯ ಚೌಕಟ್ಟು, ಇಲ್ಲ, ತಗಡಿನ ಮೈಯೇ ಚಾಸಿ. ನೆಲದ ತಗಡು, ಬಾಗಿಲ ಕಂಬ, ಡ್ಯಾಶ್‌ಬೋರ್ಡಿನ ಹಿಂದಿನ ಗೋಡೆ ಎಲ್ಲ ಒಂದಕ್ಕೊಂದು ಬೆಸುಗೆಯಾಗಿವೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಉಕ್ಕಿನಲ್ಲಿ 5000 ಮೀಟರಿಗೂ ಮೇಲೆ. ಹಿಂದೆ ಬಡಿದದ್ದು ತಗಡು ಹಿಡಿದು ಮುಂದೆ ಬಂದು, ಎಲ್ಲಿ ತಗಡು ತೆಳುವಾಗಿದೆಯೋ ಅಲ್ಲಿ ನಿಂತು ಕೂಗುತ್ತದೆ. ಅದನ್ನು ನಂಬಿ ಅಲ್ಲಿಯ ಸಾಮಾನು ಬಿಚ್ಚಿದರೆ ಹನ್ನೊಂದು ಸಾವಿರ ಆಗುತ್ತದೆ.

ಪತ್ರ ಅಚ್ಚಿಗೆ ಹೋಗುವ ಮೊದಲೇ ಮೇಷ್ಟ್ರಿಗೆ ಒಂದು ಕಾರ್ಡು ಬರೆದು ಮೂರು ಪರೀಕ್ಷೆ ಮಾಡಲು ಹೇಳಿದ್ದೆ. ಒಂದೇ ರಸ್ತೆ, ಮೂರು ಸಲವೂ ಎರಡನೇ ಗೇರು, 20ರಿಂದ 25ರ ವೇಗ. ಕಿಟಕಿ ಮುಚ್ಚಿ, ರೇಡಿಯೋ ಆರಿಸಿ. ಜೇಬಿನ ಚಿಲ್ಲರೆ, ಬಾಗಿಲ ಖಾನೆಯ ನೀರಿನ ಬಾಟಲಿ, ಬೀಗದ ಕೈಗೊಂಚಲಲ್ಲಿ ನೇತಾಡುವ ಗಣಪತಿ, ಎಲ್ಲವನ್ನೂ ಮೊದಲು ಮನೆಯಲ್ಲಿಟ್ಟು ಹೊರಡಬೇಕು.

ಮೊದಲನೆಯದು: ಒಬ್ಬರೇ ಹೊರಟು, ಪಕ್ಕದ ಖಾಲಿ ಸೀಟಿನ ಮೇಲೆ ಬೆಲ್ಟನ್ನು ಎಳೆದು ಸಿಕ್ಕಿಸಿ. ಬಿಚ್ಚಿ ನೇತುಬಿದ್ದ ಬೆಲ್ಟಿನ ಲೋಹದ ನಾಲಿಗೆ ಬಾಗಿಲ ಕಂಬದ ಪ್ಲಾಸ್ಟಿಕ್ಕಿಗೆ ಟಕಟಕ ಬಡಿಯುವುದು ಬಹಳ ಮಾಮೂಲಿ. ಯಾರಾದರೂ ಕೂತು ಬೆಲ್ಟ್ ಹಾಕಿದರೆ ಅದು ನಿಲ್ಲುತ್ತದೆ.

ಎರಡನೆಯದು: ಬೆಲ್ಟ್ ಬಿಟ್ಟು, ಎರಡು ಇಪ್ಪತ್ತೈದು ಕಿಲೋ ಅಕ್ಕಿ ಚೀಲವನ್ನು ಅದೇ ಸೀಟಿನಲ್ಲಿ ಕೂರಿಸಿ.

ಮೂರನೆಯದನ್ನು ಯಾರೂ ಮಾಡುವುದಿಲ್ಲ, ಅದೇ ಮುಖ್ಯ. ಅದೇ ಚೀಲಗಳನ್ನು ಮುಂದಿನ ಸೀಟಿನಿಂದ ಎತ್ತಿ, ಎಡಗಡೆಯೇ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ನೆಲದ ಮೇಲಿಡಿ. ಗಾಡಿಯ ಎಡಭಾಗಕ್ಕೆ ಭಾರ ಹೆಚ್ಚುಕಡಿಮೆ ಅಷ್ಟೇ. ಆದರೆ ಸೀಟಿನ ಮೇಲೆ ಏನೂ ಇಲ್ಲ. ಈಗಲೂ ಸದ್ದು ನಿಂತರೆ ತಪ್ಪು ಕೆಳಗಡೆ, ಶಾಕ್ಸ್ ಅಥವಾ ಬುಷ್ (ಕೀಲುಗಳ ಒಳಗಿನ ಬಳೆ) ಕಡೆ. ಸದ್ದು ಬಂದರೆ ತಪ್ಪು ಸೀಟಿನದು.

ಎಂಟು ದಿನಕ್ಕೆ ಉತ್ತರ ಬಂತು. ಮೇಷ್ಟ್ರು ಗೆರೆ ಹಾಕಿ ಕೋಷ್ಟಕ ಮಾಡಿ ಕಳಿಸಿದ್ದಾರೆ. ಬೆಲ್ಟ್ ಸಿಕ್ಕಿಸಿದಾಗ ‘ಸದ್ದು ಇದೆ, ಆದರೆ ತೆಳ್ಳಗಾಗಿದೆ’. ಸೀಟಿನ ಮೇಲೆ ಅಕ್ಕಿ ಕೂತಾಗ ‘ದಪ್ಪ ಸದ್ದು ಪೂರ್ತಿ ಇಲ್ಲ, ಮೇಲಿನಿಂದ ಸಣ್ಣದೊಂದು ಟಕಟಕ ಮಾತ್ರ’. ಅಕ್ಕಿ ನೆಲದ ಮೇಲಿದ್ದಾಗ ‘ಮೊದಲಿನಂತೆಯೇ’. ಎಂದರೆ ಕಳ್ಳರು ಇಬ್ಬರು. ಒಬ್ಬ ಬೆಲ್ಟಿನ ನಾಲಿಗೆ, ಇನ್ನೊಬ್ಬ ಸೀಟಿನಲ್ಲಿ. ಎರಡು ಸದ್ದು ಒಟ್ಟಿಗೆ ಸೇರಿದಾಗಲೇ ಮೆಕ್ಯಾನಿಕ್ಕುಗಳು ಸೋಲುವುದು. ಒಂದನ್ನು ಸರಿ ಮಾಡಿದರೂ ಗಿರಾಕಿ ‘ಹೋಗಿಲ್ಲ’ ಅನ್ನುತ್ತಾನೆ, ಇವನು ಸರಿ ಮಾಡಿದ್ದನ್ನೂ ಬಿಚ್ಚುತ್ತಾನೆ.

ಸೀಟನ್ನು ಪೂರ್ತಿ ಹಿಂದೆ, ಆಮೇಲೆ ಪೂರ್ತಿ ಮುಂದೆ ಸರಿಸಿ, ಬ್ಯಾಟರಿ ಹಿಡಿದು ನಾಲ್ಕೂ ಕಾಲು ನೋಡಿ ಎಂದು ಫೋನಿನಲ್ಲಿ ಹೇಳಿದೆ. ಹತ್ತು ನಿಮಿಷಕ್ಕೆ ಮೇಷ್ಟ್ರೇ ತಿರುಗಿ ಮಾಡಿದರು. ‘ಹಿಂದಿನ ಎಡಗಾಲಿನಲ್ಲಿ ಬೋಲ್ಟೇ ಇಲ್ಲ. ಬರೀ ತೂತು. ತೂತಿನ ಸುತ್ತ ತಗಡು ಬೆಳ್ಳಗೆ ಹೊಳೀತಾ ಇದೆ.’ ಆ ಹೊಳಪೇ ಸಾಕ್ಷಿ. ಕಬ್ಬಿಣ ಕಬ್ಬಿಣಕ್ಕೆ ದಿನಾ ಬಡಿದ ಜಾಗದಲ್ಲಿ ಬಣ್ಣವೂ ಇರುವುದಿಲ್ಲ, ತುಕ್ಕೂ ಕೂರುವುದಿಲ್ಲ. ಸದ್ದು ಹುಡುಕುವಾಗ ನಾನು ಕಣ್ಣಲ್ಲಿ ಹುಡುಕುವುದು ಇದನ್ನೇ, ಹಳೇ ತಗಡಿನ ನಡುವೆ ಹೊಸ ಪಾತ್ರೆಯ ಹಾಗೆ ಮಿನುಗುವ ಒಂದು ಚುಕ್ಕೆ.

ಬೋಲ್ಟು ಎಲ್ಲಿ ಹೋಯಿತು? ಕಳೆದ ಆಷಾಢದಲ್ಲಿ ಬಾಗಿಲ ರಬ್ಬರಿನಿಂದ ನೀರು ಒಳಗೆ ಬಂದು ಕಾರ್ಪೆಟ್ ನೆನೆದು ನಾತ ಬಂದಿತ್ತಂತೆ. ಒಂದು ಶೆಡ್ಡಿನಲ್ಲಿ ಸೀಟು ಬಿಚ್ಚಿ, ಕಾರ್ಪೆಟ್ ಒಣಗಿಸಿ, ತಿರುಗಿ ಹಾಕಿದ್ದರು. ಅಲ್ಲಿಯ ಹುಡುಗ ಮೂರು ಬೋಲ್ಟು ಬಿಗಿದು ನಾಲ್ಕನೆಯದನ್ನು ಜೇಬಿನಲ್ಲಿ ಇಟ್ಟುಕೊಂಡು ಊಟಕ್ಕೆ ಹೋಗಿರಬೇಕು. ಸದ್ದು ಶುರುವಾದದ್ದು ಶ್ರಾವಣದಲ್ಲಿ ಎಂದು ಮೇಷ್ಟ್ರಿಗೆ ಈಗ ನೆನಪಾಯಿತು. ಹೊಸ ಸದ್ದು ಬಂದರೆ ಅದಕ್ಕೆ ಮೊದಲು ಗಾಡಿಗೆ ಕೈ ಹಾಕಿದವರು ಯಾರು, ಏನು ಬಿಚ್ಚಿದ್ದರು ಎಂದು ಒಮ್ಮೆ ಯೋಚಿಸಿ. ಸೀಟು ಬಿಚ್ಚಿದವರನ್ನು ಬಿಟ್ಟು ಶಾಕ್ಸಿನ ಮೇಲೆ ಅನುಮಾನ ಪಟ್ಟಿದ್ದು ಇಲ್ಲಿ ಆದ ತಪ್ಪು.

ಖಾಲಿ ಸೀಟಿನ ಹಿಂದಿನ ಕಾಲು ಮಣ್ಣುರಸ್ತೆಯಲ್ಲಿ ನೆಲದ ತಗಡಿನ ಮೇಲೆ ಕುಣಿಯುತ್ತಿತ್ತು. ಐವತ್ತು ಕಿಲೋ ಕೂತರೆ ಒತ್ತಿ ಹಿಡಿದಂತಾಗಿ ಸುಮ್ಮನಾಗುತ್ತಿತ್ತು. ಟಾರು ರಸ್ತೆಯಲ್ಲಿ ಕುಣಿಸುವಷ್ಟು ನಡುಕವೇ ಇಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸೀಟಿನ ಬೋಲ್ಟಿನ ಜಾಗಕ್ಕೆ ಶೆಡ್ಡಿನ ಡಬ್ಬಿಯಲ್ಲಿ ಸಿಕ್ಕಿದ ಯಾವುದೋ ಬೋಲ್ಟು ತಿರುಗಿಸಬೇಡಿ. ಡಿಕ್ಕಿಯಾದಾಗ ಸೀಟು ಕಿತ್ತು ಬರದಂತೆ ಹಿಡಿಯುವುದು ಅದೇ. ಒಳ್ಳೆಯ ಬೋಲ್ಟಿನ ತಲೆಯ ಮೇಲೆ 8.8, 10.9 ಎಂದು ಅಚ್ಚಿರುತ್ತದೆ, ಅದು ಬಲದ ಗುರುತು. ಏನೂ ಅಚ್ಚಿಲ್ಲದ ಬೋಲ್ಟು ಬಾಗಿಲ ಚಿಲಕಕ್ಕೆ ಸರಿ. ಕಂಪನಿಯ ಸ್ಪೇರ್ ಅಂಗಡಿಯಲ್ಲಿ ‘ಸೀಟ್ ಬೋಲ್ಟ್’ ಎಂದು ಕೇಳಿ ತಂದು ಹಾಕಿಸಿ, ಉಳಿದ ಮೂರನ್ನೂ ಆಗಲೇ ಬಿಗಿಸಿ. ಬೆಲ್ಟಿನ ನಾಲಿಗೆ ಬಡಿಯುವ ಜಾಗಕ್ಕೆ ಕುರ್ಚಿಯ ಕಾಲಿಗೆ ಅಂಟಿಸುತ್ತಾರಲ್ಲ, ಆ ಫೆಲ್ಟ್ ಬಟ್ಟೆಯ ಒಂದು ಚೂರು ಸಾಕು.

ಹನ್ನೊಂದು ಸಾವಿರ ಪೂರ್ತಿ ನೀರಿಗೆ ಹೋಯಿತೆಂದು ಕೊರಗಬೇಡಿ ಮೇಷ್ಟ್ರೇ. ಇಷ್ಟು ವರ್ಷದ ಶಾಕ್ಸ್ ಹೇಗಿದ್ದರೂ ದಣಿದಿರುತ್ತವೆ. ಆ ಹುಡುಗರನ್ನು ಬಯ್ಯುವ ಯೋಗ್ಯತೆಯೂ ನನಗಿಲ್ಲ. 1998ರಲ್ಲಿ ಹೊಸನಗರದ ಕಡೆಯ ತೋಟದವರೊಬ್ಬರು ಗಾಡಿ ತಂದರು. ತಿರುವಿನಲ್ಲಿ ಗುಡುಗುಡು ಎಂದು ಒಂದು ಸದ್ದು, ಆಮೇಲೆ ‘ಟಕ್’. ಸ್ಟೀರಿಂಗ್ ರ್‍ಯಾಕ್ ಅಂದೆ, ಬಿಚ್ಚಿದೆ, ಬುಷ್ ಹಾಕಿದೆ. ಹೋಗಲಿಲ್ಲ. ಟೈ ರಾಡ್ ತುದಿ ಬದಲಾಯಿಸಿದೆ. ಹೋಗಲಿಲ್ಲ. ಮೂರನೇ ದಿನ ಕೆಲಸ ಕಲಿಯಲು ಬಂದಿದ್ದ ಹುಡುಗ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿಕೊಂಡು, ‘ಅಣ್ಣ, ಬಲಕ್ಕೆ ತಿರುಗಿಸಿದ್ರೆ ಎಡಗಡೆ ಟಕ್ ಅನ್ನುತ್ತೆ, ಎಡಕ್ಕೆ ತಿರುಗಿಸಿದ್ರೆ ಬಲಗಡೆ. ಒಂದು ತಿರುವಿಗೆ ಒಂದೇ ಸಲ’ ಅಂದ. ಗಾಳಿ ಬರುವ ಕೊಳವೆ ಬಿಚ್ಚಿದರೆ ಚೂರು ಮಾಡಿದ ನ್ಯೂಸ್‌ಪೇಪರಿನ ಗೂಡು, ಏಳು ಗೋಟಡಿಕೆ. ಇಲಿ ಹೊತ್ತು ತಂದಿಟ್ಟದ್ದು. ಅಡಿಕೆ ಆ ಕಡೆ ಈ ಕಡೆ ಉರುಳಿ ಗೋಡೆಗೆ ಬಡಿಯುತ್ತಿತ್ತು. ತೋಟದವರು ಏಳನ್ನೂ ಅಂಗೈಯಲ್ಲಿ ಹಿಡಿದು, ‘ಅಡಿಕೆ ನಮ್ಮದು ಹೌದು. ಬಿಲ್ಲು ಯಾರದು?’ ಎಂದು ಕೇಳಿದರು. ಕೂಲಿ ಬಿಟ್ಟೆ. ಅವತ್ತಿನಿಂದ, ಕರೆದರೆ ಬರುವ ತನಕ ಸದ್ದಿಗೆ ಪಾನಾ ಹಾಕಿಲ್ಲ. ಎಂದರೆ ಬೇಕೆಂದಾಗ ಬರಿಸಲು, ಬೇಡವೆಂದಾಗ ನಿಲ್ಲಿಸಲು ಬರಬೇಕು. ಆಮೇಲೆ ಬಿಚ್ಚುವುದು.

ಪ್ರಶ್ನೆ: 2008ರ ಸ್ಯಾಂಟ್ರೋ. ಸಿಗ್ನಲ್ಲಿನಲ್ಲಿ ನಿಂತಾಗ ಕೆಳಗಿನಿಂದ ಜಿರ್ರ್ ಎಂದು ಜೀರುಂಡೆಯ ಹಾಗೆ ಸದ್ದು. ಎಸಿ ಹಾಕಿದರೆ ಜೋರು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಇಲ್ಲ. ಇಂಜಿನ್ ಕೆಲಸ ಅನ್ನುತ್ತಾರೆ, ಭಯವಾಗಿದೆ.
— ಬ್ಯಾಂಕ್ ಉದ್ಯೋಗಿ, ಭದ್ರಾವತಿ

ಉತ್ತರ: ಇಂಜಿನ್ ಬಿಚ್ಚಲು ಬಿಡಬೇಡಿ ತಾಯಿ. ಗಾಡಿ ನಿಂತಿದ್ದಾಗಲೇ ಸದ್ದು ಬರುತ್ತದೆ ಅಂದರೆ ಚಕ್ರ, ಶಾಕ್ಸ್, ರಸ್ತೆ ಎಲ್ಲವೂ ಲೆಕ್ಕದಿಂದ ಹೊರಗೆ ಹೋದವು. ಉಳಿದದ್ದು ಇಂಜಿನಿನ ನಡುಕಕ್ಕೆ ನಡುಗುವ ವಸ್ತು. ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಮಾತ್ರ ಕೂಗಿ, ಸ್ವಲ್ಪ ಏರಿಸಿದರೆ ಸುಮ್ಮನಾಗುವುದು ತೆಳ್ಳನೆಯ ತಗಡಿನ ಗುಣ. ಸೈಲೆನ್ಸರ್ ಕೊಳವೆಯ ಬಿಸಿ ತಾಗದಿರಲೆಂದು ಮೇಲೆ ತಗಡಿನ ಮುಚ್ಚಳ ಇರುತ್ತದೆ, ಹೀಟ್ ಶೀಲ್ಡ್ ಅನ್ನುತ್ತೇವೆ. ಅದರ ಬೋಲ್ಟಿನ ತೂತು ತುಕ್ಕು ತಿಂದು ದೊಡ್ಡದಾದರೆ ತಗಡು ಸಡಿಲವಾಗಿ ಜಿರ್ರ್ ಅನ್ನುತ್ತದೆ. ಎಸಿ ಹಾಕಿದಾಗ ಇಂಜಿನಿನ ಮೇಲೆ ಭಾರ ಬಿದ್ದು ನಡುಕ ಹೆಚ್ಚುತ್ತದೆ, ಅಷ್ಟೇ.

ಬೆಳಿಗ್ಗೆ, ರಾತ್ರಿಯೆಲ್ಲ ನಿಂತು ಪೂರ್ತಿ ತಣ್ಣಗಾದ ಗಾಡಿಯಲ್ಲಿ ನೋಡಿಸಿ. ಬಿಸಿಯಿದ್ದಾಗ ಮುಟ್ಟಿದರೆ ಅಂಗೈ ಚರ್ಮ ಅಲ್ಲೇ ಉಳಿಯುತ್ತದೆ. ಜಾಕ್ ಒಂದನ್ನೇ ನಂಬಿ ಯಾರೂ ಕೆಳಗೆ ತೂರಬಾರದು, ಸ್ಟ್ಯಾಂಡ್ ಇರಲೇಬೇಕು. ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋದರೆ ಅದೇ ಜಿರ್ರ್ ಉತ್ತರ ಕೊಡುತ್ತದೆ. ತೂತಿಗೆ ಅಗಲದ ವಾಷರ್ ಹಾಕಿ ಬಿಗಿದರೆ ಸಾಕು. ತೂತೇ ಉಳಿದಿಲ್ಲವೆಂದರೆ ಉದ್ದದ ಸ್ಟೇನ್‌ಲೆಸ್ ಹೋಸ್ ಕ್ಲಾಂಪ್ ಸುತ್ತಿ ಬಿಗಿಯಬಹುದು. ‘ಕಿತ್ತು ಬಿಸಾಡಿದರೆ ಸದ್ದೇ ಇರಲ್ಲ ಮೇಡಂ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೇಸಿಗೆಯಲ್ಲಿ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸುವವರು ನಾವು, ಬಿಸಿ ಕೊಳವೆಯಿಂದ ಬೆಂಕಿ ಹತ್ತೀತು.

ಬಡಿದಾಗ ಜಿರ್ರ್ ಬದಲು ಒಳಗೆ ಜಲ್ಲಿಕಲ್ಲು ಗಲಗಲ ಅಂದ ಹಾಗಾದರೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗಿನ ಜೇನುಗೂಡು ಒಡೆದಿರಬಹುದು. ಅದು ಖರ್ಚಿನ ಬಾಬ್ತು, ಬೇರೆ ಮಾತು.

ಪ್ರಶ್ನೆ: ಆಗುಂಬೆ ಘಾಟಿಯ 14 ತಿರುವಿನಲ್ಲೂ ನಮ್ಮ ಆಲ್ಟೋ ಟಿಕ್ ಟಿಕ್ ಟಿಕ್ ಅನ್ನುತ್ತದೆ. ನೇರ ರಸ್ತೆಯಲ್ಲಿ ಇಲ್ಲ. ವಾರಕ್ಕೊಮ್ಮೆ ಮಣಿಪಾಲಕ್ಕೆ ಹೋಗಬೇಕು. ಓಡಿಸಬಹುದೇ?
— ಕೊಪ್ಪ

ಉತ್ತರ: ಈ ವಾರ ಬಸ್ಸಿನಲ್ಲಿ ಹೋಗಿ ಬನ್ನಿ. ತಿರುಗಿಸಿದಾಗ ಮಾತ್ರ, ಚಕ್ರ ಸುತ್ತಿದ ಹಾಗೆ ಲೆಕ್ಕ ಹಾಕಿ ಟಿಕ್ ಅನ್ನುವುದು ಆಕ್ಸಲಿನ ಹೊರತುದಿಯ ಸಿವಿ ಜಾಯಿಂಟ್, ತಿರುವಿನಲ್ಲೂ ಚಕ್ರಕ್ಕೆ ಇಂಜಿನಿನ ಬಲ ಮುಟ್ಟಿಸುವ ಕೀಲು. ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಮೊದಲನೇ ಗೇರಿನಲ್ಲಿ ಮೆಲ್ಲಗೆ ಆಕ್ಸಿಲರೇಟರ್ ಕೊಟ್ಟು ಸುತ್ತು ಹಾಕಿ. ಬಲಕ್ಕೆ ಸುತ್ತುವಾಗ ಜೋರಾದರೆ ಸಾಮಾನ್ಯವಾಗಿ ಎಡಗಡೆಯದು, ಎಡಕ್ಕೆ ಸುತ್ತುವಾಗ ಜೋರಾದರೆ ಬಲಗಡೆಯದು. ಆಮೇಲೆ ಚಕ್ರದ ಒಳಮೈ ನೋಡಿ. ಕಪ್ಪು ಗ್ರೀಸ್ ಚಿಮ್ಮಿ ಗೆರೆ ಎಳೆದಿದ್ದರೆ ರಬ್ಬರ್ ಬೂಟು ಹರಿದಿದೆ, ಗ್ರೀಸ್ ಹೋಗಿ ಮಣ್ಣು ಕೂತಿದೆ. ಸದ್ದು ಶುರುವಾಗುವ ಮೊದಲೇ ಕಂಡಿದ್ದರೆ ಬೂಟು, ಗ್ರೀಸಿನಲ್ಲಿ ಮುಗಿಯುತ್ತಿತ್ತು. ಈಗ ಜಾಯಿಂಟೇ ಹೋಗಬೇಕು. ಗ್ರೀಸ್ ತುಂಬಿ ಕಳಿಸುವವರು ಹದಿನೈದು ದಿನದ ನೆಮ್ಮದಿ ಕೊಡುತ್ತಾರೆ.

ಪ್ರಶ್ನೆ: ಮುಂದಿನ ಚಕ್ರದ ಹತ್ತಿರ ಸಣ್ಣ ಟಣಟಣ. ಬ್ರೇಕಿನ ಮೇಲೆ ಕಾಲಿಟ್ಟರೆ ಸಾಕು, ನಿಲ್ಲುತ್ತದೆ. ಕಾಲು ತೆಗೆದರೆ ಮತ್ತೆ.
— ದಾವಣಗೆರೆ

ಉತ್ತರ: ಅರ್ಧ ಕೆಲಸ ನೀವೇ ಮಾಡಿದ್ದೀರಿ. ಬ್ರೇಕ್ ಪ್ಯಾಡುಗಳು ತಮ್ಮ ಗೂಡಿನಲ್ಲಿ ಅಲ್ಲಾಡುತ್ತಿವೆ. ಒತ್ತಿದಾಗ ಡಿಸ್ಕಿಗೆ ಅಂಟಿ ಸುಮ್ಮನಾಗುತ್ತವೆ. ಪ್ಯಾಡ್ ಹಾಕುವಾಗ ಹಳೆಯ ಸ್ಪ್ರಿಂಗ್ ಕ್ಲಿಪ್ಪನ್ನು ‘ಇದು ಬೇಡ’ ಎಂದು ಬಿಸಾಡಿರುತ್ತಾರೆ, ಅಥವಾ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನು ಸವೆದಿರುತ್ತದೆ. ಕ್ಲಿಪ್ ಇದೆಯೇ ನೋಡಿಸಿ. ಬ್ರೇಕಿನ ಕೆಲಸ, ಮುಂದೂಡಬೇಡಿ. ಕಾಲಿಟ್ಟರೆ ನಿಲ್ಲುವ ಬದಲು, ಬ್ರೇಕ್ ಒತ್ತಿದ ಕ್ಷಣಕ್ಕೆ ಒಂದೇ ಸಲ ‘ಧಡ್’ ಎಂದರೆ ಅದು ಬೇರೆ, ಸ್ಟೆಬಿಲೈಸರ್ ಅಥವಾ ಲೋವರ್ ಆರ್ಮಿನ ಬುಷ್ ಕಡೆ ನೋಡಬೇಕು.

ಪ್ರಶ್ನೆ: ಅಪ್ಪನ ಪ್ರೀಮಿಯರ್ ಪದ್ಮಿನಿಯನ್ನು ಇಟ್ಟುಕೊಂಡಿದ್ದೇನೆ. ಭಾನುವಾರ ಮಾತ್ರ ಓಡಿಸುವುದು. ಸ್ಟೀರಿಂಗಿನ ಹತ್ತಿರ ಸದಾ ಕಿಣಿಕಿಣಿ. ಇಲ್ಲಿ ಗೊತ್ತಿರುವ ಮೆಕ್ಯಾನಿಕ್ಕುಗಳೇ ಉಳಿದಿಲ್ಲ.
— ಡೊಂಬಿವಿಲಿ, ಮುಂಬೈ ಹತ್ತಿರ

ಉತ್ತರ: ನಿಮ್ಮ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು ಎಂದು ಓದಿದಾಗ ನನಗೂ ಒಂಥರಾ ಆಗಿತ್ತು. ಆದರೂ ಅಷ್ಟು ವರ್ಷ ಆ ಟ್ಯಾಕ್ಸಿಗಳನ್ನು ನೋಡಿಕೊಂಡ ಹಳೆಯ ಮೇಸ್ತ್ರಿಗಳು ಎಲ್ಲಿ ಹೋಗುತ್ತಾರೆ? ಹಳೇ ಟ್ಯಾಕ್ಸಿ ಚಾಲಕರನ್ನು ಕೇಳಿ, ವಿಳಾಸ ಸಿಗುತ್ತದೆ.

ಮುಂದಿನ ಸಲ ಕಿಣಿಕಿಣಿ ಬಂದಾಗ ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿಯ ಮೇಲೆ ಸುಮ್ಮನೆ ಒಂದು ಬೆರಳಿಡಿ. ಒತ್ತಬೇಡಿ, ಇಡಿ ಅಷ್ಟೇ. ನಿಂತರೆ ಕಡ್ಡಿಯಿಂದ ಗೇರ್‌ಬಾಕ್ಸಿನ ತನಕ ಹೋಗುವ ರಾಡುಗಳ ಬುಷ್ ಸವೆದಿವೆ ಎಂದರ್ಥ. ಗೇರು ಹಾಕುವಾಗ ಕಡ್ಡಿ ಸಡಿಲ ಸಡಿಲ ಅನಿಸುತ್ತಿರಬೇಕಲ್ಲ? ಎರಡಕ್ಕೂ ಮದ್ದು ಒಂದೇ. ಬುಷ್ ಅಂಗಡಿಯಲ್ಲಿ ಸಿಗದಿದ್ದರೆ ಹಳೆಯದನ್ನು ಅಳತೆಗೆ ಕೊಟ್ಟು ಲೇತ್ ಅಂಗಡಿಯಲ್ಲಿ ನೈಲಾನ್ ದಿಂಡಿನಿಂದ ಕಡೆಸಬಹುದು. ನಾನೇ ಎಷ್ಟೋ ಕಡೆಸಿದ್ದೇನೆ.

ಪ್ರಶ್ನೆ: ಹಂಪು ಹಾರಿದರೆ ಹಿಂದೆ ಧಡಧಡ. ಹಿಂದಿನ ಶಾಕ್ಸ್ ಬದಲಾಯಿಸಲು ಎಷ್ಟಾಗುತ್ತದೆ?
— ಸೊರಬ

ಉತ್ತರ: ಮೊದಲು ಡಿಕ್ಕಿ ತೆಗೆದು ಜಾಕು, ಪಾನಾ, ಸ್ಟೆಪ್ನಿ ಮೂರನ್ನೂ ಜಗಲಿಯ ಮೇಲಿಡಿ. ಅದೇ ಹಂಪಿನ ಮೇಲೆ ಒಮ್ಮೆ ಹೋಗಿ ಬನ್ನಿ. ಶಾಕ್ಸಿನ ರೇಟು ಆಮೇಲೆ ಕೇಳಿ.